ಆಂಟೆನಾ ತಿರುಗಿಸುವವರ ಸಂಘ

ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಲ್ಲಿಗೆ ಹೋದರೂ ಕನ್ನಡ ಶಾಲೆಯ ಗೋಡೆಯ ಮೇಲೆ ಈಗ ಒಂದೇ ಬ್ಯಾನರು: ‘ತೊಂಬತ್ತರ ಮಕ್ಕಳ ಸ್ನೇಹಮಿಲನ’. ಮಕ್ಕಳೆಂದರೆ ನಲವತ್ತರ ಆಸುಪಾಸಿನವರು, ಅರ್ಧ ತಲೆ ಬೋಳಾದವರು. ಬ್ಯಾನರಿನಲ್ಲಿ ಒಂದು ಕ್ಯಾಸೆಟ್, ಪಕ್ಕದಲ್ಲೊಂದು ಪೆನ್ಸಿಲ್. ಇವೆರಡಕ್ಕೂ ಎಂತ ಸಂಬಂಧ ಅಂತ ಕೇಳುವವರಿಗೆ ಒಳಗೆ ಪ್ರವೇಶವಿಲ್ಲ.

ನಮ್ಮ ತೊಂಬತ್ತರ ದಶಕದ ಕತೆಯೇ ಬೇರೆ ಮಾರಾಯ್ರೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ರೇಡಿಯೋ, ಕ್ಯಾಸೆಟ್ ಎರಡೂ ಹಾಡುವ ಟೂ-ಇನ್-ವನ್ ಬಂದದ್ದು ದುಬಾಯಿಯ ಪೆಟ್ಟಿಗೆಯಲ್ಲಿ, ಟ್ಯಾಂಗ್ ಡಬ್ಬಿ ಮತ್ತು ಕೊಡಲಿ ಗುರುತಿನ ತೈಲದ ಜೊತೆಗೆ. ಭಾನುವಾರ ಸಂಜೆ ದೂರದರ್ಶನದಲ್ಲಿ ಮಲಯಾಳ ಸಿನಿಮಾ. 1997ರಲ್ಲಿ ಶುರುವಾದ ಶಕ್ತಿಮಾನ್ ಹಿಂದಿಯವನು, ಅವನ ಉಪದೇಶ ನಮಗೆ ಅರ್ಥವಾಗಲಿಲ್ಲ, ಗಿರಗಿರ ತಿರುಗಿದ್ದು ಮಾತ್ರ ಅರ್ಥವಾಯಿತು. ಕನ್ನಡದಲ್ಲಿ ಸಿಕ್ಕಿದ್ದು ಮಂಗಳೂರು ಆಕಾಶವಾಣಿ, ಮತ್ತೆ ಮಕ್ಕಳ ಪತ್ರಿಕೆ ಬಾಲಮಂಗಳದ ಚಿತ್ರಕತೆಯ ಡಿಂಗ. ಆ ಡಿಂಗನೂ ಕೋಟ್ಟಯಂ ಕಡೆಯ ಇಲಿ, ಅಲ್ಲಿ ಅವನ ಹೆಸರು ಡಿಂಕನ್. ಕೇರಳದ ಕುಚೋದ್ಯಗಾರರು ಅವನನ್ನು ದೇವರು ಮಾಡಿ ಒಂದು ಮತವನ್ನೇ ಕಟ್ಟಿದ್ದಾರೆ. ನಾವು ಅಷ್ಟು ದೂರ ಹೋಗಿಲ್ಲ. ಸೆಲ್ಫಿ ಪಾಯಿಂಟ್ ಮಾಡಿದ್ದೇವೆ, ಅಷ್ಟೇ.

ಮಿಲನದ ಮುಖ್ಯ ಆಟ ಆಂಟೆನಾದ್ದು. ಒಬ್ಬ ಮಾಡು ಹತ್ತಿ ಕಂಬ ತಿರುಗಿಸಬೇಕು, ಕೆಳಗಿದ್ದವರು “ಬಂತು, ಬಂತು, ಹೋಯ್ತಲ್ಲ ಮಾರಾಯ!” ಅಂತ ಬೊಬ್ಬೆ ಹಾಕಬೇಕು. ಇದಕ್ಕೆ ಟಿಕೆಟು. ಆಗ ಇದೇ ಕೆಲಸವನ್ನು ಅಪ್ಪ ಬೈದು ಮಾಡಿಸುತ್ತಿದ್ದರು. ಪಾಠಪುಸ್ತಕದ ಒಳಗೆ ಬಾಲಮಂಗಳ ಇಟ್ಟು ಓದಿದ್ದಕ್ಕೆ ಹೊಡೆದ ಮಾಷ್ಟ್ರಿಗೆ ಶಾಲು ಹೊದಿಸಿ ಸನ್ಮಾನ. ಬೆತ್ತಕ್ಕೂ ಒಂದು ಹಾರ.

ಆಮೇಲೆ ಭಾಷಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದಲ್ಲಿಂದ ಶುರುವಾಗಿ ಇಲ್ಲಿನ ಕವಿಗಳಾದ ಗೋವಿಂದ ಪೈ, ಕಯ್ಯಾರರನ್ನು ದಾಟಿ, ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ಮಾಷ್ಟ್ರಾಗಿ ಹಾಕುವ ಅನ್ಯಾಯದವರೆಗೆ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆ ನೇಮಕಾತಿಗಳ ವಿರುದ್ಧ ಇಲ್ಲಿ ಧರಣಿಗಳೇ ನಡೆದಿವೆ. ಭಾಷಣಕಾರರು ಗದ್ಗದರಾಗಿ ಕಣ್ಣೊರೆಸಿಕೊಳ್ಳುವಾಗ ಅವರ ಮಗ ಮೆಟ್ಟಿಲ ಬಳಿ ನಿಂತು, “ಡ್ಯಾಡ್, ಕ್ಯಾನ್ ವಿ ಗೋ ನೌ?” ಅಂದ. “ಒನ್ ಮಿನಿಟ್ ಮೋನೇ” ಅಂತ ಇಂಗ್ಲಿಷಿಗೆ ಮಲಯಾಳ ಬೆರೆಸಿ ಹೇಳಿ ಅವರು ಮತ್ತೆ ಕನ್ನಡಕ್ಕೆ ಅತ್ತರು.

ಕೊನೆಗೆ ಹೆಡ್‌ಟೀಚರ್ ಮೈಕು ಹಿಡಿದರು. ಪಾಪ, ಅವರಿಗೆ ಕಾರ್ಯಕ್ರಮದ ಸ್ವರೂಪ ಗೊತ್ತಿರಲಿಲ್ಲ. “ಜೂನಿಗೆ ಒಂದನೇ ಕ್ಲಾಸಿಗೆ ಮಕ್ಕಳು ಬೇಕು. ನಿಮ್ಮ ಮಕ್ಕಳನ್ನೇ ಕಳಿಸಬಹುದಲ್ಲ? ಫಾರಂ ತಂದಿದ್ದೇನೆ” ಅಂದರು.

ಡಿಂಗನ ಜೊತೆ ಸೆಲ್ಫಿ ತೆಗೆಯುತ್ತಿದ್ದವರೂ ಕೈ ಕೆಳಗಿಳಿಸಿದರು. ಒಬ್ಬರು ಎದ್ದು, “ನಮ್ಮಲ್ಲಿಗೆ ಇಂಗ್ಲಿಷ್ ಮೀಡಿಯಂ ಬಸ್ಸು ಗೇಟಿನವರೆಗೆ ಬರ್ತದೆ ಟೀಚರ್” ಅಂದರು. ಸಮಿತಿ ತುರ್ತಾಗಿ ಸೇರಿತು. ಮಕ್ಕಳನ್ನು ಕೊಡುವುದು ಕಷ್ಟ, ಬದಲಿಗೆ ಶಾಲೆಗೆ ಕಮಾನಿನ ಗೇಟು ಕೊಡುವುದು, ಕಮಾನಿನ ಮೇಲೆ ದಾನಿಗಳ ಫೋಟೋ ಹಾಕುವುದು ಅಂತ ತೀರ್ಮಾನವಾಯಿತು. ಒಳಗೆ ಹೋಗುವವರು ಯಾರು ಅಂತ ಯಾರೂ ಕೇಳಲಿಲ್ಲ. ಚಪ್ಪಾಳೆ ಜೋರಿತ್ತು.

ಫಾರಂ ಏನೂ ದಂಡವಾಗಲಿಲ್ಲ. ಚರುಮುರಿ ಸ್ಟಾಲಿನಲ್ಲಿ, “ಪ್ಲೇಟು ಬೇಡ, ಆಗಿನ ಹಾಗೆ ಕಾಗದದ ಪೊಟ್ಟಣದಲ್ಲೇ ಬೇಕು” ಅಂತ ಗಲಾಟೆ ಎದ್ದಿತ್ತು. ಟೀಚರ ಕಟ್ಟು ಹತ್ತು ನಿಮಿಷದಲ್ಲಿ ಖಾಲಿ.