ನನ್ನ ಐ ಸೀಟಿನಲ್ಲಿ ಕೂತ ಜೆನು

ಸಿ ಪ್ರೋಗ್ರಾಮಿನ ನಡುವೆ ಪ್ರೊಸೆಸರ್‌ಗೆ ನೇರವಾಗಿ ಅಪ್ಪಣೆ ಕೊಡುವ ಒಂದು ಸಾಲು ಅಸೆಂಬ್ಲಿ ತುರುಕಿದರೆ ಆಫೀಸಿನಲ್ಲಿ ಗತ್ತು ಜಾಸ್ತಿ ಆಗುತ್ತದೆ ಅನ್ನೋದು ನನ್ನ ಹಳೇ ನಂಬಿಕೆ. ಒಂದು ಶನಿವಾರ ಕೈಗೆ ಸಿಕ್ಕಿದ್ದು ಸಿಪಿಯುಐಡಿ ಅನ್ನೋ ಇನ್‌ಸ್ಟ್ರಕ್ಷನ್. ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳಿಗೆ ರಿಜಿಸ್ಟರ್ ಅಂತಾರೆ; ಇಎಎಕ್ಸ್ ಅನ್ನೋ ರಿಜಿಸ್ಟರ್‌ನಲ್ಲಿ ಸೊನ್ನೆ ಇಟ್ಟು ಕರೆದರೆ ಪ್ರೊಸೆಸರ್ ತನ್ನ ಮನೆತನದ ಹೆಸರು ಹೇಳುತ್ತದೆ. ನನ್ನ ಲ್ಯಾಪ್‌ಟಾಪ್ 'ಜೆನ್ಯುಯಿನ್‌ಇಂಟೆಲ್' ಅನ್ನಬೇಕಿತ್ತು. ಅಂದದ್ದು 'ಜೆನುಂಟೆಲಿನೈ'.

ಹಿಂದಿನಿಂದ ಇಣುಕಿದ ಹೆಂಡತಿ, "ಯಾವ ಮಾತ್ರೆ ರೀ ಇದು? ಊಟಕ್ಕೆ ಮುಂಚೆಯಾ, ಆಮೇಲಾ?" ಅಂದಳು.

ಹನ್ನೆರಡು ಅಕ್ಷರದ ಹೆಸರು ನಾಲ್ಕು ನಾಲ್ಕಾಗಿ ಮೂರು ರಿಜಿಸ್ಟರ್‌ಗಳಲ್ಲಿ ಬರುತ್ತದೆ. ಬಿ, ಸಿ, ಡಿ ಅಂತ ಸಾಲಾಗಿ ಅಲ್ಲ. ಇಬಿಎಕ್ಸ್, ಇಡಿಎಕ್ಸ್, ಕೊನೆಗೆ ಇಸಿಎಕ್ಸ್. ನಾನು ಸಾಲಾಗಿ ಜೋಡಿಸಿದ್ದೆ.

ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕೋಡಿನ ವೇಗ ಅಳೆಯುವ ಲೂಪಿಗೂ ಸಿಪಿಯುಐಡಿಯನ್ನೇ ಹಾಕಿದೆ. ಹಿಂದಿನ ಕೆಲಸ ಪೂರ್ತಿ ಮುಗಿಯುವವರೆಗೆ ಇದು ಮುಂದಿನದನ್ನು ತಡೆದು ನಿಲ್ಲಿಸುತ್ತದೆ, ಅಳತೆಗೆ ಅನುಕೂಲ. ಲೂಪ್ ಹತ್ತು ಸುತ್ತು ಚೆನ್ನಾಗಿ ಓಡಿತು. ಕೋಡ್ ಚುರುಕಾಗಲಿ ಅಂತ ಆಪ್ಟಿಮೈಸೇಶನ್ ಓ2ಗೆ ಏರಿಸಿದೆ. ಒಂದೇ ಸುತ್ತಿಗೆ ನಿಂತಿತು. ಸುತ್ತು ಎಣಿಸುವ 'ಐ' ಎಷ್ಟಾಗಿದೆ ಅಂತ ಪ್ರಿಂಟ್ ಮಾಡಿದರೆ 1970169159.

ಯಾರದೋ ಫೋನ್ ನಂಬರ್ ಇದ್ದ ಹಾಗಿದೆ, ಅಲ್ವಾ?

ಎರಡು ಕಾಫಿ ಆದಮೇಲೆ ಹೆಕ್ಸಿಗೆ, ಅಂದರೆ ಹದಿನಾರರ ಲೆಕ್ಕಕ್ಕೆ, ಬದಲಿಸಿ ನೋಡಿದೆ: 75 6ಇ 65 47. ಒಂದೊಂದು ಜೋಡಿಯೂ ಒಂದು ಅಕ್ಷರದ ಸಂಕೇತ ಅಂತ ಕೊನೆಯಿಂದ ಓದಿದೆ. ಜಿ, ಇ, ಎನ್, ಯು. ಅದೇ ಜೆನು! ಮಾತ್ರೆಯ ಮೊದಲ ತುಂಡು ಬಂದು ನನ್ನ 'ಐ' ಒಳಗೆ ಕೂತಿತ್ತು.

ಕೋಟ್ ಒಳಗೆ ಬರೆದ ಅಸೆಂಬ್ಲಿಯನ್ನು, ಸಿ ಕೋಡನ್ನು ಪ್ರೊಸೆಸರ್ ಭಾಷೆಗೆ ತಿರುಗಿಸುವ ಜಿಸಿಸಿ ಕಂಪೈಲರ್ ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಯಾವ ರಿಜಿಸ್ಟರ್ ಕೆಡುತ್ತದೆ ಅಂತ ನಾವೇ ಮೂರನೇ ಕೋಲನ್ ಆದಮೇಲೆ ಬರೆಯಬೇಕು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹಾಗೆ. ನಾನು ಟವೆಲ್ ಹಾಕಿರಲಿಲ್ಲ. ಖಾಲಿ ಇದೆ ಅಂತ ಜಿಸಿಸಿ 'ಐ'ಯನ್ನು ಇಬಿಎಕ್ಸ್‌ನಲ್ಲಿ ಕೂರಿಸಿತು. ಸಿಪಿಯುಐಡಿ ಹತ್ತಿದ್ದೇ ಅದರ ತೊಡೆಯ ಮೇಲೆ ಕೂತಿತು. ಓ2 ಇಲ್ಲದಾಗ 'ಐ' ಮೆಮೊರಿಯಲ್ಲಿ ಇತ್ತು, ಬಚಾವಾಗಿತ್ತು.

ಟವೆಲ್‌ಗಳನ್ನೆಲ್ಲ ಹಾಸಿದೆ. ಹತ್ತು ಸುತ್ತೂ ಓಡಿತು. ಸೋಮವಾರ ಆಫೀಸಿನಲ್ಲಿ ಗತ್ತಿನಿಂದಲೇ ತೋರಿಸಿದೆ.

"ಸರ್," ಅಂದ ಹೊಸ ಹುಡುಗ, "ಇದಕ್ಕೆ ಜಿಸಿಸಿಯಲ್ಲೇ ರೆಡಿಮೇಡ್ ಹೆಡರ್ ಫೈಲ್ ಇದೆಯಲ್ವಾ? ಇನ್‌ಕ್ಲೂಡ್ ಮಾಡಿದ್ರೆ ಆಗ್ತಿತ್ತು."

"ಗೊತ್ತಪ್ಪಾ," ಅಂದೆ. "ಸುಮ್ನೆ ಕಲಿಯೋಣ ಅಂತ."