ಗಡಿಯಾರ ಪಾಸು, ಈಜುಗಾರ್ತಿ ಮರುಪರೀಕ್ಷೆಗೆ

ಒಬ್ಬರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಏನು ಮಾಡಬೇಕು? 1927ರ ಅಕ್ಟೋಬರಿನಲ್ಲಿ ಇಂಗ್ಲೆಂಡು ಇದಕ್ಕೆ ಉತ್ತರ ಕಂಡುಕೊಂಡಿತು: ಸುಳ್ಳು ಹೇಳದ ಇನ್ನೊಬ್ಬರನ್ನು ಹುಡುಕಿ ಸಮುದ್ರಕ್ಕೆ ಇಳಿಸಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮೂರಿನದಷ್ಟೇ ಅಲ್ಲ.

ಬರೆ ಬಿದ್ದದ್ದು ಮರ್ಸಿಡಿಸ್ ಗ್ಲೈಟ್ಸೆ ಅವರಿಗೆ. ಲಂಡನ್ನಿನಲ್ಲಿ ಟೈಪಿಸ್ಟ್ ಕೆಲಸ. ಇಂಗ್ಲಿಷ್ ಕಡಲ್ಗಾಲುವೆಗೆ ಏಳು ಸಲ ಇಳಿದು ಏಳು ಸಲವೂ ಅರ್ಧದಲ್ಲೇ ದೋಣಿ ಹತ್ತಿದ್ದರು. ಎಂಟನೇ ಸಲ, ಅಕ್ಟೋಬರ್ 7ರಂದು, ಮಂಜು ಮುಸುಕಿದ ನೀರಿನಲ್ಲಿ 15 ತಾಸು 15 ನಿಮಿಷ ಈಜಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬಂದರು. ಕಾಲುವೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ. ಏಳು ಸಲ ಸೋತೆನೆಂದು ಒಪ್ಪಿಕೊಂಡವರು ಎಂಟನೇ ಸಲ ಗೆದ್ದೆನೆಂದರೆ ನಂಬಬಹುದು ಎಂದು ನೀವು ತಿಳಿಯಬಹುದು. ನೀವು ಪತ್ರಿಕೆ ನಡೆಸಿದವರಲ್ಲ, ಬಿಡಿ.

ನಾಲ್ಕೇ ದಿನಕ್ಕೆ ಡಾಕ್ಟರ್ ಡೊರೊತಿ ಲೋಗನ್ ಎಂಬುವರು 13 ತಾಸು 10 ನಿಮಿಷದಲ್ಲೇ ದಾಟಿದೆನೆಂದು ಬಂದರು. ಒಂದು ಪತ್ರಿಕೆ ಸಾವಿರ ಪೌಂಡಿನ ಚೆಕ್ಕನ್ನೂ ಕೊಟ್ಟಿತು. ಕೆಲವೇ ದಿನಗಳಲ್ಲಿ ಅವರೇ ಬಾಯಿಬಿಟ್ಟರು: ದಾರಿಯ ಬಹುಪಾಲು ಕಳೆದದ್ದು ದೋಣಿಯಲ್ಲಿ, ಈಜಿದ್ದು ಆರಂಭದಲ್ಲಿ ಮತ್ತು ದಡ ಹತ್ತಿರವಾದಾಗ. ಉದ್ದೇಶ ಮಾತ್ರ ಲೋಕಕಲ್ಯಾಣ. ಮೇಲ್ವಿಚಾರಣೆ ಇಲ್ಲದಿದ್ದರೆ ಎಷ್ಟು ಸುಲಭವಾಗಿ ಮೋಸ ಮಾಡಬಹುದೆಂದು ತೋರಿಸುವುದಂತೆ. ಚೆಕ್ ವಾಪಸಾಯಿತು, ಸುಳ್ಳು ಪ್ರಮಾಣಕ್ಕೆ 100 ಪೌಂಡ್ ದಂಡ ಬಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅನುಮಾನ ಲೋಗನ್ ಮನೆಯಿಂದ ಎದ್ದು ಗ್ಲೈಟ್ಸೆ ಮನೆಗೆ ಹೋಯಿತು. ನಿಮ್ಮ ಜೊತೆ ಇದ್ದದ್ದು ಮೀನುದೋಣಿ ಒಂದೇ ಅಲ್ಲವೇ, ಸಾಕ್ಷಿ ಸಾಲದು ಎಂದರು. ಹಿಂದಿನ ವರ್ಷ ಅಮೆರಿಕದ ಗರ್ಟ್ರೂಡ್ ಎಡರ್ಲೆ ಗಂಡಸರ ದಾಖಲೆಯನ್ನೇ ಸುಮಾರು ಎರಡು ತಾಸಿನ ಅಂತರದಲ್ಲಿ ಮುರಿದಾಗ ಆಕ್ಷೇಪ ತಿರುಗುಮುರುಗಾಗಿತ್ತು: ಜೊತೆಗಿದ್ದ ಹಡಗುಗಳು ಅಲೆ ತಡೆದುಕೊಟ್ಟವಂತೆ. ಹಡಗಿದ್ದರೆ ಸಹಾಯ, ಇಲ್ಲದಿದ್ದರೆ ಸಾಕ್ಷಿಯಿಲ್ಲ. ಹೆಂಗಸು ಈಜಬೇಕಾದದ್ದು ಈ ಎರಡರ ನಡುವೆ; ಅಲ್ಲಿ ಅಗಲ ಕಡಿಮೆ.

ತೀರ್ಮಾನವಾದದ್ದು ಮರುಈಜು. ಅಕ್ಟೋಬರ್ 21ರಂದು ಮತ್ತೆ ಈಜಿದರೆ 7ರಂದು ಈಜಿದ್ದು ಸಾಬೀತಾಗುತ್ತದಂತೆ. 21ರಂದು ದಾಟಿದರೆ 21ರಂದು ದಾಟಿದರು ಎಂದಷ್ಟೇ ಆಗುತ್ತದಲ್ಲ ಎಂದು ಕೇಳುವ ತರ್ಕಶಾಸ್ತ್ರಿಗಳಿಗೆ ಅಂದು ದೋಣಿಯಲ್ಲಿ ಜಾಗವಿರಲಿಲ್ಲ, ಪತ್ರಕರ್ತರು ತುಂಬಿದ್ದರು.

ಅಕ್ಟೋಬರ್ ಕೊನೆ ಎಂದರೆ ಏನೆಂದು ಈಜುವವರಿಗೆ ಗೊತ್ತು. ಕಾಲುವೆ ಈಜುವ ಹಂಗಾಮು ಸಾಮಾನ್ಯವಾಗಿ ಸೆಪ್ಟೆಂಬರಿಗೆ ಮುಗಿಯುತ್ತದೆ. ಆಗ 16ರಿಂದ 18 ಡಿಗ್ರಿ ಇರುವ ನೀರು ಅಂದು 12ರಿಂದ 14 ಡಿಗ್ರಿಗೆ ಇಳಿದಿತ್ತು. ನಾಲ್ಕು ಡಿಗ್ರಿ ತಾನೇ ಎನ್ನಬೇಡಿ. ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಹೀರುತ್ತದೆ. ಮೈಗೆ ಬಳಿಯುವ ಜಿಡ್ಡು ಚಳಿ ತಡೆಯುತ್ತದೆ ಎಂಬುದು ದಡದಲ್ಲಿ ನಿಂತವರ ನಂಬಿಕೆ. ಉಪ್ಪುನೀರಲ್ಲಿ ಕಂಕುಳು, ಕತ್ತು ಉಜ್ಜಿ ಹುಣ್ಣಾಗದಂತೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ. ಚಳಿ ಒಳಗಿಳಿದರೆ ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಕೈ ಬೀಸು ನಿಧಾನವಾಗುತ್ತದೆ, ಕೊನೆಗೆ ತೂಕಡಿಕೆ. ಈ ಹಂತದಲ್ಲಿ ಈಜುವವರಿಗೆ ತಾವು ಚೆನ್ನಾಗಿದ್ದೇವೆ ಎನ್ನಿಸುತ್ತದೆ, ಅದೇ ಅಪಾಯ. ಗ್ಲೈಟ್ಸೆ ನಿದ್ದೆಗೆ ಜಾರದಿರಲೆಂದು ದೋಣಿಯಲ್ಲಿದ್ದವರು ಹಾಡಿದರು. ಸತ್ಯಶೋಧನೆಗೆ ಹಿನ್ನೆಲೆ ಸಂಗೀತವೂ ಇತ್ತೆಂದಾಯಿತು.

ಬೆಳಗಿನ ಜಾವ 4.21ಕ್ಕೆ ಇಳಿದವರನ್ನು ಮಧ್ಯಾಹ್ನ 2.45ಕ್ಕೆ, ದಡ ಇನ್ನೂ ಸುಮಾರು 7 ಮೈಲಿ ಇರುವಾಗ, ಅರೆಪ್ರಜ್ಞೆಯಲ್ಲಿ ಮೇಲೆತ್ತಿದರು. 10 ತಾಸು 24 ನಿಮಿಷ. ಇಷ್ಟು ಚಳಿಯಲ್ಲಿ ಇಷ್ಟು ಹೊತ್ತು ತಾಳಿದವರು ಅಂದು ದಾಟಿಯೇ ಇರಬೇಕು ಎಂದು ನೋಡಿದವರೆಲ್ಲ ಒಪ್ಪಿದರು! ಅಕ್ಟೋಬರ್ 7ರ ಈಜಿಗೆ ಮಾನ್ಯತೆಯೂ ದಕ್ಕಿತು. ಹೀಗೆ, ದಾಟಲು ಆಗದಿದ್ದದ್ದೇ ದಾಟಿದ್ದಕ್ಕೆ ಪುರಾವೆಯಾಯಿತು.

ಈಗಿನ ಕ್ರಮ ಸರಳ. ಕಾಲುವೆ ಈಜಿಗೆ ಮಾನ್ಯತೆ ಕೊಡುವ ಸಂಸ್ಥೆ ಕಳಿಸಿದ ವೀಕ್ಷಕರು ದೋಣಿಯಲ್ಲಿ ಕೂತು ಹೊತ್ತು, ನೀರಿನ ತಾಪ, ಕೈ ಬೀಸಿನ ಲೆಕ್ಕ, ಕೊಟ್ಟ ಆಹಾರ ಬರೆದುಕೊಳ್ಳುತ್ತಾರೆ. ಈಜುವವರು ದೋಣಿ ಮುಟ್ಟಿದರೆ ಆಟ ಮುಗಿಯಿತು. ಅಂದೂ ಇಷ್ಟೇ ಬೇಕಿತ್ತು: ಒಂದು ಪುಸ್ತಕ, ಒಂದು ಪೆನ್ಸಿಲ್, ವಾಂತಿ ತಡೆದುಕೊಳ್ಳಬಲ್ಲ ಒಬ್ಬ ಮನುಷ್ಯ.

ಮರುವರ್ಷ ಗ್ಲೈಟ್ಸೆ ಜಿಬ್ರಾಲ್ಟರ್ ಜಲಸಂಧಿಯನ್ನು 12 ತಾಸು 50 ನಿಮಿಷದಲ್ಲಿ ದಾಟಿದರು. ಅದನ್ನು ಈಜಿ ದಾಟಿದವರಲ್ಲಿ, ಗಂಡಸರೂ ಸೇರಿ, ಅವರೇ ಮೊದಲಿಗರು. ಈಜಿ ಗಳಿಸಿದ ಹಣದಲ್ಲಿ ಲೆಸ್ಟರ್ ನಗರದಲ್ಲಿ ನಿರ್ಗತಿಕರಿಗೆ ಆಶ್ರಯಮನೆ ತೆರೆದರು. ಇದನ್ನೆಲ್ಲ ಬಲ್ಲವರು ಕಡಿಮೆ. ಎಲ್ಲರಿಗೂ ಗೊತ್ತಿರುವುದು ಮರುಈಜಿನಲ್ಲಿ ಅವರ ಕೊರಳಿಗೆ ಕಟ್ಟಿದ್ದ, ನೀರು ಒಳಹೋಗದ ರೋಲೆಕ್ಸ್ ಗಡಿಯಾರ. ನವೆಂಬರ್ 24ರ ಡೇಲಿ ಮೇಲ್ ಪತ್ರಿಕೆಯ ಇಡೀ ಮುಖಪುಟದಲ್ಲಿ ಅದರ ಜಾಹೀರಾತು. ಗಡಿಯಾರ ಕಟ್ಟಿಕೊಂಡು ಕಾಲುವೆ ದಾಟಿದರು ಎಂದು ಇಂದಿಗೂ ಬರೆಯುವವರಿದ್ದಾರೆ. ದಾಟಿದ ದಿನವೇ ಬೇರೆ, ಗಡಿಯಾರದ ದಿನವೇ ಬೇರೆ. ನೀರಲ್ಲಿ ಹತ್ತು ತಾಸು ನೇತಾಡಿ, ದಡ ಮುಟ್ಟದೆ ಬಂದ ಆ ಗಡಿಯಾರಕ್ಕೆ ಮಾತ್ರ ಯಾರೂ ಮರುಪರೀಕ್ಷೆ ಕೇಳಲಿಲ್ಲ.