ಜೇ ಬೆಲ್ ಇನ್ನೂ ಯಾಕೆ ಅಲ್ಲಿದ್ದ?

ಬೇಸ್‌ಬಾಲ್ ಗೊತ್ತಿಲ್ಲದವರೂ ಓದಿ. ಗೊತ್ತಿರುವವರು ಜಗಳಕ್ಕೆ ಬನ್ನಿ.

2001ರ ನವೆಂಬರ್ 4, ಭಾನುವಾರ. ಫೀನಿಕ್ಸ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರಶಸ್ತಿಯ ಸರಣಿ ವರ್ಲ್ಡ್ ಸೀರೀಸ್‌ನ ಏಳನೇ, ಅಂದರೆ ಕೊನೆಯ ಪಂದ್ಯ, ಅರಿಜೋನಾ ಡೈಮಂಡ್‌ಬ್ಯಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್. ನಾನಾಗ ಪಕ್ಕದ ಚಾಂಡ್ಲರ್‌ನಲ್ಲಿ ಹೊಸದಾಗಿ ಬಿಡಾರ ಹೂಡಿದ್ದೆ. ಜೊತೆಗಿದ್ದವನು ಸಾಗರದ ಕಡೆಯವನು. ಸಾರನ್ನದ ತಟ್ಟೆ ಹಿಡಿದು ಟೀವಿ ಮುಂದೆ ಕೂತು, "ಎಂಥದಾ ಇದು, ಚಿನ್ನಿದಾಂಡಿಗೆ ಇಷ್ಟು ಗಲಾಟೆಯಾ" ಅಂತಿದ್ದ.

ಅವಳಿ ಗೋಪುರ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಅರಿಜೋನಾ ಬಿಟ್ಟರೆ ಉಳಿದ ಅಮೆರಿಕದ ಮನಸ್ಸು ನ್ಯೂಯಾರ್ಕ್ ಕಡೆಗಿತ್ತು. ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಎಂಟನೆಯದರಲ್ಲಿ ಸೊರಿಯಾನೊ ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಚೆಂಡು ಅಂಗಳದಾಚೆ) ಹೊಡೆದು ಯಾಂಕೀಸ್ 2-1 ಮುಂದೆ. ಆಮೇಲೆ ಬಂದವನು ಯಾಂಕೀಸ್‌ನ ಎಸೆತಗಾರ ಮರಿಯಾನೊ ರಿವೇರಾ. ಎಡಗೈ ಬ್ಯಾಟುಗಾರನ ಮೈಯೊಳಗೆ ನುಗ್ಗುವ ಅವನ ಕಟರ್ ಎಸೆತಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಎಂಟನೆಯದರಲ್ಲೇ ಮೂವರಿಗೆ ಗಾಳಿ ಹೊಡೆಸಿ ಕಳಿಸಿದ್ದ.

ಒಂಬತ್ತನೆಯದರ ಕತೆ ಎಲ್ಲರೂ ಕೊನೆಯಿಂದ ಹೇಳುತ್ತಾರೆ. ಅರಿಜೋನಾದ ಲೂಯಿಸ್ ಗೊನ್ಸಾಲೆಸ್ ಬ್ಯಾಟಿನ ಹಿಡಿಯನ್ನು ಕೊಂಚ ಮೇಲಕ್ಕೆ ಹಿಡಿದು ತಾಗಿಸಿದ, ಚೆಂಡು ಮೆಲ್ಲಗೆ ಎದ್ದು ಯಾಂಕೀಸ್ ಫೀಲ್ಡರ್ ಜೀಟರ್ ತಲೆ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು, ಅರಿಜೋನಾಗೆ 3-2 ಗೆಲುವು. ಆ ವರ್ಷ 57 ಹೋಮ್ ರನ್ ಹೊಡೆದಿದ್ದವನು ಗೆಲ್ಲಿಸಿದ್ದು ಇಂಥ ಬಡಕಲು ಏಟಿನಿಂದ. ಓಟ ತಡೆಯಲೆಂದು ಫೀಲ್ಡರ್‌ಗಳನ್ನು ಮುಂದಕ್ಕೆ ತಂದಿದ್ದರು, ಅದೇ ತಪ್ಪು ಅಂತ ಯಾಂಕೀಸ್ ತರಬೇತುದಾರ ಜೋ ಟೋರಿಯನ್ನು ಇವತ್ತಿಗೂ ಬಯ್ಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬೇಸ್ ಅಂದರೆ ಓಟಗಾರ ನಿಲ್ಲುವ ಠಾಣೆ, ಮೂರನ್ನೂ ದಾಟಿ ಹೊರಟಲ್ಲಿಗೆ ಮರಳಿದರೆ ಒಂದು ರನ್; ಮೂವರು ಔಟಾದರೆ ಇನ್ನಿಂಗ್ಸ್ ಮುಗೀತು. ಮೂರು ಬೇಸೂ ತುಂಬಿ, ಒಬ್ಬನೇ ಔಟಾಗಿರುವಾಗ ಇನ್ನೇನು ಮಾಡುತ್ತಿದ್ದ?

ಒಬ್ಬನೇ ಯಾಕೆ ಔಟಾಗಿದ್ದ ಅನ್ನುವುದು ನನ್ನ ತಕರಾರು.

ಮೊದಲು ಅರಿಜೋನಾದ ಗ್ರೇಸ್ ಸಿಂಗಲ್, ಅಂದರೆ ಒಂದು ಬೇಸಿನ ಏಟು, ಹೊಡೆದ. ಮಿಲ್ಲರ್ ಬಂಟ್ ಮಾಡಿದ, ಅಂದರೆ ಬ್ಯಾಟು ಬೀಸದೆ ಚೆಂಡನ್ನು ಕಾಲಬುಡಕ್ಕೆ ಬೀಳಿಸಿದ. ರಿವೇರಾ ಅದನ್ನೆತ್ತಿ ಎರಡನೇ ಬೇಸಿಗೆ ಅಡ್ಡಾದಿಡ್ಡಿ ಎಸೆದ, ಇಬ್ಬರೂ ಬಚಾವ್. ಆಮೇಲೆ ಬದಲಿ ಬ್ಯಾಟುಗಾರನಾಗಿ ಬಂದ ಜೇ ಬೆಲ್‌ದೂ ಬಂಟೇ, ಅದೂ ಕೆಟ್ಟದ್ದು. ಈ ಸಲ ರಿವೇರಾ ಮೂರನೇ ಬೇಸಿಗೆ ಸರಿಯಾಗಿ ಎಸೆದ, ಅಲ್ಲಿದ್ದ ಸ್ಕಾಟ್ ಬ್ರೋಶಿಯಸ್ ಹಿಡಿದ, ಓಟಗಾರನಿಗಿಂತ ಮೊದಲೇ ಚೆಂಡು ಬೇಸಿಗೆ ಬಂದದ್ದರಿಂದ ಮುಂದಿದ್ದ ಓಟಗಾರ ಔಟ್. ಬೆಲ್ ಇನ್ನೂ ಮೊದಲ ಬೇಸಿನತ್ತ ಏದುಸಿರು ಬಿಡುತ್ತಿದ್ದ. ಬ್ರೋಶಿಯಸ್ ಅಲ್ಲಿಗೆ ಎಸೆದಿದ್ದರೆ ಎರಡನೇ ಔಟ್ ಬಹುತೇಕ ಖಚಿತ. ಎಸೆಯಲಿಲ್ಲ. ಚೆಂಡು ಕೈಯಲ್ಲೇ ಉಳಿಯಿತು.

ನಂತರ ವೋಮ್ಯಾಕ್‌ನ ಡಬಲ್, ಅಂದರೆ ಎರಡು ಬೇಸಿನ ಏಟು, 2-2. ಕೌನ್ಸೆಲ್‌ಗೆ ಚೆಂಡು ಬಡಿದು ಬಿಟ್ಟಿ ಬೇಸ್. ಆಮೇಲೆ ಗೊನ್ಸಾಲೆಸ್. ಇಬ್ಬರು ಔಟಾಗಿದ್ದರೆ ಫೀಲ್ಡರ್‌ಗಳನ್ನು ಮುಂದೆ ತರುವ ಮಾತೇ ಇರುತ್ತಿರಲಿಲ್ಲ. ಜೀಟರ್ ತನ್ನ ಜಾಗದಲ್ಲಿ ನಿಂತಿದ್ದರೆ ಅದು ಮಕ್ಕಳಿಗೂ ಸಿಗುವ ಕ್ಯಾಚ್. ಬೆಲ್ ಔಟಾಗಿದ್ದರೆ ವೋಮ್ಯಾಕ್ ಹೊಡೆಯುತ್ತಲೇ ಇರಲಿಲ್ಲವೇನೋ, ನಿಜ, ಹಾಗೆ ಲೆಕ್ಕ ಹಾಕುತ್ತ ಹೋದರೆ ಕೊನೆಯಿಲ್ಲ.

ನಮ್ಮ ಚಿನ್ನಸ್ವಾಮಿಯಲ್ಲಿ 2016ರಲ್ಲಿ ಬಾಂಗ್ಲಾದೇಶದ ಮೇಲೆ ಒಂದೇ ರನ್‌ನಿಂದ ಗೆದ್ದೆವಲ್ಲ, ಕೊನೆಯ ಚೆಂಡಿಗೆ ಮೊದಲೇ ಧೋನಿ ಬಲಗೈಯ ಗ್ಲೌಸ್ ಬಿಚ್ಚಿಟ್ಟುಕೊಂಡಿದ್ದ. ಆ ರನ್‌ಔಟ್ ನೋಡುವಾಗ ನನಗೆ ನೆನಪಾದವನು ಬ್ರೋಶಿಯಸ್ಸೇ. ಆದರೆ ಅವನನ್ನು ಬಯ್ಯಲೂ ಬಾಯಿ ಬರುವುದಿಲ್ಲ. ಅದೇ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ, ಇಬ್ಬರು ಔಟಾಗಿದ್ದಾಗ, ಹೋಮ್ ರನ್ ಹೊಡೆದು ತಂಡವನ್ನು ಉಳಿಸಿದ್ದವನು ಅವನೇ. ಈ ಸರಣಿ ಮುಗಿದ ಮೇಲೆ ಆಟವನ್ನೇ ಬಿಟ್ಟ.

ಇಷ್ಟೆಲ್ಲ ನನಗೆ ಹೊಳೆದದ್ದು ವರ್ಷಗಳ ಮೇಲೆ. ಅವತ್ತು ರಾತ್ರಿ ಊರೆಲ್ಲ ಹಾರ್ನ್ ಬಾರಿಸುತ್ತಿರುವಾಗ, ಎರಡೂ ಕೈ ಎತ್ತಿಕೊಂಡು ಗೆಲುವಿನ ರನ್ ತಂದ ಜೇ ಬೆಲ್‌ನನ್ನು ತೋರಿಸಿ ನಮ್ಮ ಸಾಗರದವನು ಕೇಳಿದ್ದ: "ಇಂವ ಆಗ್ಲೇ ಔಟ್ ಆಗಿರ್ಲಿಲ್ವನ?"

"ಅಲ್ಲ ಮಾರಾಯ, ಅವನು ಬೇರೆ" ಅಂದಿದ್ದೆ.